ಪಾರ್ಕ್ ಅಂತ ಬರೆದ ಮೂಲೆ

ಮೂರು ತಿಂಗಳಿಗೊಮ್ಮೆ ನಮ್ಮ ಆಫೀಸಿನಲ್ಲಿ ನನ್ನ ಹತ್ತಿರ ಯಾರೂ ಸುಳಿಯದ ಒಂದು ವಾರ ಬರುತ್ತದೆ. ಟೀ ತಂದುಕೊಡುವ ಹೆಂಗಸು ಕೂಡ ಲೋಟವನ್ನು ಮೇಜಿನ ಅಂಚಿಗಿಟ್ಟು ಹಿಂದೆ ಸರಿಯುತ್ತಾಳೆ. ಆಫೀಸು ಇರುವುದು ಹುಣಸೂರಿನಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ. ನಮ್ಮ ಸಾಹುಕಾರರು ಹೊಲಗಳನ್ನು ಬಡಾವಣೆ ಮಾಡಿ ಸೈಟು ಮಾರುವವರು. ಮಾರುವ ಮುಂಚೆ ಬಡಾವಣೆಯನ್ನು ರೇರಾದಲ್ಲಿ, ಅಂದರೆ ಸೈಟು ಕೊಳ್ಳುವವರಿಗೆ ಮೋಸವಾಗದಂತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರದಲ್ಲಿ, ನೋಂದಾಯಿಸಬೇಕು. ನೋಂದಾಯಿಸಿದ ಮೇಲೂ ಕಾಲು ಚಾಚಿ ಕೂರುವ ಹಾಗಿಲ್ಲ. ರಸ್ತೆ ಎಲ್ಲಿಗೆ ಬಂತು, ಚರಂಡಿ ಎಲ್ಲಿಗೆ ಬಂತು, ಎಷ್ಟು ಸೈಟು ಹೋದವು, ಪಾರ್ಕು ಏನಾಯಿತು ಎಂದು ಮೂರು ತಿಂಗಳಿಗೊಮ್ಮೆ ಫೋಟೋ ಸಮೇತ ಅವರ ವೆಬ್‌ಸೈಟಿಗೆ ಏರಿಸಬೇಕು. ಆ ಕೆಲಸ ನನ್ನದು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ವಾರವಂತೂ ಕೇಳುವುದೇ ಬೇಡ. ಫೋಟೋ ದೊಡ್ಡದಾಯಿತು ಎಂದು ವೆಬ್‌ಸೈಟು ವಾಪಸು ಕಳಿಸುತ್ತದೆ. ಚಿಕ್ಕದು ಮಾಡಿದರೆ ಚರಂಡಿ ಯಾವುದು, ರಸ್ತೆ ಯಾವುದು ನನಗೇ ತಿಳಿಯುವುದಿಲ್ಲ. ಎಲ್ಲ ತುಂಬಿ ಮುಗಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ. ಓಟಿಪಿ ಸಾಹುಕಾರರ ಫೋನಿಗೆ ಹೋಗುತ್ತದೆ, ಸಾಹುಕಾರರು ಕೆ.ಆರ್. ನಗರದಲ್ಲಿ ಯಾರದೋ ಮದುವೆಯ ಪಂಕ್ತಿಯಲ್ಲಿರುತ್ತಾರೆ. “ಎಲೆ ಮುಂದೆ ಕೂತಿವ್ನಿ ಕಣಮ್ಮ, ಕೈಯೆಲ್ಲ ಸಾರು” ಅನ್ನುತ್ತಾರೆ. ಪಕ್ಕದ ಎಲೆಯವರ ಕೈಯಲ್ಲಿ ಓದಿಸಿ ಎಂದು ನಾನು ರೇಗುತ್ತೇನೆ. ಹೀಗೆ ಬೈದುಕೊಂಡು ಬೈದುಕೊಂಡೇ ಈ ಕೆಲಸವನ್ನು ಚೆನ್ನಾಗಿ ಕಲಿತೆ. ನಮ್ಮ ಈ ತಾಲ್ಲೂಕುಗಳಲ್ಲಿ ಯಾವ ಕಾಗದ ಎಲ್ಲಿಗೆ ಹೋಗಬೇಕು ಎಂಬುದು ನನ್ನಷ್ಟು ಯಾರಿಗೂ ಗೊತ್ತಿಲ್ಲ ಎಂಬ ಜಂಬವೂ ಇತ್ತು.

ಇಷ್ಟು ವರ್ಷಗಳಲ್ಲಿ ಅಲ್ಲಿ ಏನೇನೋ ಬರೆದಿದ್ದೇನೆ. ಅದರಲ್ಲಿ ಒಂದು ಮಾತು ಮಾತ್ರ ನನ್ನನ್ನು ಇವತ್ತಿಗೂ ತಿನ್ನುತ್ತಿದೆ. ಒಂದು ಹೊಲದ ಮುಂದಿನ ಮೂಲೆಗೆ ನಾನು ಪಾರ್ಕ್ ಅಂತ ಬರೆದೆ.

ಆ ಹೊಲ ಪಿರಿಯಾಪಟ್ಟಣದ ಅಂಚಿನಲ್ಲಿ, ಹುಣಸೂರಿನಿಂದ ಹೋಗುವ ಹೆದ್ದಾರಿಗೆ ತಾಗಿಕೊಂಡಿತ್ತು. ಹೊಗೆಸೊಪ್ಪು ಬೆಳೆಯುತ್ತಿದ್ದ ಕೆಮ್ಮಣ್ಣಿನ ಹೊಲ. ಯಜಮಾನರಿಗೆ ಎಪ್ಪತ್ತು ದಾಟಿತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತಾಡಿದರೆ ಎದುರಿನವರಿಗೆ ಎಲ್ಲಿ ನೋವಾಗುತ್ತದೋ ಎನ್ನುವಂಥ ದನಿ. ಅವರಿಗೆ ಒಬ್ಬನೇ ಮಗ, ಪಿರಿಯಾಪಟ್ಟಣದಲ್ಲೇ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಸುತ್ತಮುತ್ತಲಿನ ಹೊಲಗಳೆಲ್ಲ ಬಡಾವಣೆಯಾಗಿದ್ದವು, ಇವರದೂ ಆಗಲಿ ಎಂದು ಮಗನೇ ಮಾತು ತಂದ. ಜಮೀನು ಅವರದು, ರಸ್ತೆ ಚರಂಡಿ ಮಾಡಿಸುವುದು ನಮ್ಮ ಸಾಹುಕಾರರದು, ಆದ ಸೈಟುಗಳಲ್ಲಿ ಪಾಲು ಎಂದು ಒಪ್ಪಂದವಾಯಿತು. ಮುಂದಿನ ಕಾಗದಗಳಿಗೆಲ್ಲ ತಮ್ಮ ಪರವಾಗಿ ಸಾಹುಕಾರರೇ ಸಹಿ ಹಾಕಬಹುದು ಎಂದು ಯಜಮಾನರು ಅಧಿಕಾರಪತ್ರವನ್ನೂ ಬರೆದುಕೊಟ್ಟರು.

ಅವರು ಕೇಳಿದ್ದು ಒಂದೇ ಒಂದು.

“ಮುಂದ್ಗಡೆ ಮೂಲೇಲಿ ನಮ್ಮವಳವ್ಳೆ. ಆ ಜಾಗ ಒಸಿ ಬುಟ್ಬುಟ್ಟು ಮಿಕ್ಕಿದ್ರಾಗೆ ಏನಾರ ಮಾಡ್ಕಳಿ” ಅಂದರು.

ಅವರ ಜನ ಸತ್ತವರನ್ನು ಸುಡುವುದಿಲ್ಲ. ಕೈಯಲ್ಲಿ ಲಿಂಗವಿಟ್ಟು, ಕೂರಿಸಿ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅವರ ಹೆಂಡತಿಯನ್ನು ಹಾಗೆ ಮಣ್ಣು ಮಾಡಿ ಆಗ ಕೆಲವು ವರ್ಷವಾಗಿತ್ತು. ಮೇಲೆ ಮೊಣಕಾಲೆತ್ತರದ ಒಂದು ಕಟ್ಟೆ, ಕಟ್ಟೆಯ ಮೇಲೆ ಬಸವಣ್ಣನ ಪುಟ್ಟ ಕಲ್ಲು, ಪಕ್ಕದಲ್ಲಿ ಅವರೇ ನೆಟ್ಟ ಬಿಲ್ವದ ಗಿಡ.

ನಕ್ಷೆ ಮಾಡುವ ಎಂಜಿನಿಯರು ಪೆನ್ಸಿಲು ಹಿಡಿದು ಅಲ್ಲಿ ಸಮಾಧಿ ಎಂದು ಗುರುತು ಹಾಕಲು ಹೋದರು. ಸಾಹುಕಾರರು ಅವರ ಕೈ ತಡೆದರು. ನಮ್ಮ ಕಡೆ ಸೈಟಿನ ವ್ಯವಹಾರದಲ್ಲಿ ಆ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ. ಸೈಟು ತೋರಿಸಲು ಹೋದಾಗ ಅಂಥದ್ದು ಕಣ್ಣಿಗೆ ಬಿದ್ದರೆ “ಅದು ದೊಡ್ಡೋರ ಜಾಗ” ಎಂದು ಮೆಲ್ಲಗೆ ಹೇಳಿ ಮುಂದೆ ನಡೆಯುತ್ತೇವೆ. ಮನೆ ಕಟ್ಟುವ ಕನಸಿನಲ್ಲಿ ಬಂದವರ ಎದುರು ಸಾವಿನ ಮಾತು ಆಡಬಾರದು ಎಂಬ ಒಂದು ಸಂಕೋಚ. ಯಜಮಾನರು ತಾವೇ ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಕೂತಿದ್ದರು. ಅದು ನೋಡಲಾಗದೆ ನಾನೇ ಬಾಯಿ ಹಾಕಿದೆ.

“ಪಾರ್ಕ್ ಅಂತ ಬರೆದುಬಿಡೋಣ ಸಾರ್” ಅಂದೆ ನಾನು. “ಹೇಗೂ ಪಾರ್ಕಿಗೆ ಅಂತ ಜಾಗ ಬಿಡಲೇಬೇಕು. ಅದನ್ನು ಅಲ್ಲೇ ಬಿಡೋಣ. ಪಾರ್ಕಲ್ಲಿ ಯಾರೂ ಮನೆ ಕಟ್ಟೋ ಹಾಗಿಲ್ಲ. ಅಮ್ಮನ ಜಾಗ ಅಮ್ಮನಿಗೇ ಇರುತ್ತೆ.”

ಎಲ್ಲರ ಮುಖವೂ ಅರಳಿತು. “ಏನ್ ತಲೆ ಕಣಮ್ಮ ನಿಂದು!” ಎಂದು ಸಾಹುಕಾರರು ಮೇಜು ಕುಟ್ಟಿದರು. ಯಜಮಾನರು ಎದ್ದು ನಿಂತು ನನಗೆ ಕೈ ಮುಗಿದರು. ಅಪ್ಪನ ವಯಸ್ಸಿನವರು ಕೈ ಮುಗಿದಾಗ ನಾಚಿಕೆಯಾಯಿತು, ಆದರೂ ಒಂದು ವಾರ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೋಂದಣಿಗೆ ಕೊಟ್ಟ ಯಾವ ಕಾಗದದಲ್ಲೂ ಆ ಸಮಾಧಿಯ ಸುದ್ದಿ ಬರದಂತೆ ನಾನೇ ಮುತುವರ್ಜಿಯಿಂದ ನೋಡಿಕೊಂಡೆ.

ಆಮೇಲೆ ಮೂರು ತಿಂಗಳಿಗೊಮ್ಮೆ ಫೋಟೋ ತೆಗೆಯಲು ನಾನು ಅಲ್ಲಿಗೆ ಹೋಗುವುದು ಶುರುವಾಯಿತು. ನಾನು ಬರುತ್ತೇನೆಂದು ಹಿಂದಿನ ದಿನ ಮಗನಿಗೆ ಫೋನು ಮಾಡುತ್ತಿದ್ದೆ. ನಾನು ಹೋಗುವಷ್ಟರಲ್ಲಿ ಯಜಮಾನರು ಕಟ್ಟೆ ಗುಡಿಸಿ, ನೀರು ಹಾಕಿ, ಕಣಗಿಲೆ ಹೂವಿಟ್ಟು, ತಾವೂ ಮಡಿ ಪಂಚೆ ಉಟ್ಟು ನಿಂತಿರುತ್ತಿದ್ದರು. ರಸ್ತೆ ಚರಂಡಿಗಳ ಫೋಟೋ ಅವರಿಗೆ ಬೇಕಿರಲಿಲ್ಲ. ನಾನು ಆ ಮೂಲೆಗೆ ಬರುವ ತನಕ ಬಿಲ್ವದ ಗಿಡದ ಕೆಳಗೆ ಕಾಯುತ್ತಿದ್ದರು.

ನಾನೋ, ಫೋನು ಹಿಡಿದು ಹಿಂದೆ ಹೋಗಿ, ಮುಂದೆ ಬಂದು, ಒಮ್ಮೆ ಕುಕ್ಕರುಗಾಲಲ್ಲಿ ಕೂತು, ಕಟ್ಟೆ ಬೀಳದ ಹಾಗೆ ಗಿಡ ಮಾತ್ರ ಬೀಳುವ ಜಾಗ ಹುಡುಕುತ್ತಿದ್ದೆ. ಪಾರ್ಕಿನ ಫೋಟೋದಲ್ಲಿ ಸಮಾಧಿ ಕಂಡರೆ ಸೈಟು ಕೊಂಡವರು ನೋಡಿ ಗಾಬರಿಯಾಗುತ್ತಾರಲ್ಲ, ಅದಕ್ಕೆ. ನನ್ನ ಈ ಸರ್ಕಸ್ಸನ್ನು ಯಜಮಾನರು ಬೇರೆ ರೀತಿ ತಿಳಿದುಕೊಂಡಿದ್ದರು. ಹೆಂಡತಿ ಚೆನ್ನಾಗಿ ಬರಲಿ ಎಂದು ಈ ಹುಡುಗಿ ಎಷ್ಟು ಕಷ್ಟಪಡುತ್ತಾಳೆ ಎಂದುಕೊಂಡಿದ್ದರು.

“ಬಂದ್ಲೇನವ್ವ ನಮ್ಮವಳು, ಫೋಟೋದೊಳಿಕ್ಕೆ?”

“ಬಂದ್ರು ಅಪ್ಪಾಜಿ.”

“ಕಂಪೂಟ್ರುಗೆ ಆಕ್ತೀಯಾ?”

“ಹಾಕ್ತೀನಿ.”

“ಗೌರ್ಮೆಂಟ್ನೋರು ನೋಡ್ತಾರಾ?”

“ನೋಡ್ತಾರೆ ಅಪ್ಪಾಜಿ.”

ಅವರಿಗೆ ನಗು ಬರುತ್ತಿತ್ತು. “ಬದುಕಿದ್ದಾಗ ಒಂದು ಫೋಟೋ ತೆಗ್ಸ್ಕಳೆ ಅಂದ್ರೆ ಸೆರಗಲ್ಲಿ ಮಕ ಮುಚ್ಕತಿದ್ಲು ಕಣವ್ವ. ಈಗ ನೋಡು, ಮೂರ್ ಮೂರ್ ತಿಂಗ್ಳಿಗೂ ಗೌರ್ಮೆಂಟ್ಗೇ ಮಕ ತೋರುಸ್ತಾವ್ಳೆ!”

ನಾನೂ ನಗುತ್ತಿದ್ದೆ. ಮುದುಕರ ಸಂತೋಷಕ್ಕೆ ಒಂದು ಸುಳ್ಳು ಹೇಳಿದರೆ ಏನು ಗಂಟು ಹೋಗುತ್ತದೆ ಎಂದುಕೊಳ್ಳುತ್ತಿದ್ದೆ.

ಕೆಲಸ ಮುಗಿದ ಮೇಲೆ ಕಟ್ಟೆಯ ಪಕ್ಕದ ನೆಲದಲ್ಲಿ ಕೂತು ಮಾತಾಡುತ್ತಿದ್ದೆವು. ಎಲ್ಲ ಮಾತೂ ಕೊನೆಗೆ ಆಕೆಯ ಹತ್ತಿರವೇ ಬರುತ್ತಿತ್ತು. ಹೊಗೆಸೊಪ್ಪು ಮುರಿಯುವವರ ಕೈಗೆ ಅಂಟು ಮೆತ್ತಿಕೊಳ್ಳುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಆ ಕೈಯಲ್ಲಿ ಮುಟ್ಟಿದ ಊಟ ಬಾಯಿಗಿಡಲಾರದಷ್ಟು ಕಹಿ.

“ಸೊಪ್ಪಿನ ಕಾಲ ಮುಗಿಯೋಗಂಟ ನಾನೇ ಮುದ್ದೆ ಮುರ್ದು ಅವಳ ಬಾಯ್ಗಿಕ್ತಿದ್ದೆ ಕಣವ್ವ” ಅಂದರು ಒಂದು ದಿನ. “ಊರೋರೆಲ್ಲ ನಗಾಡೋರು. ಎಡ್ತಿಗೆ ತುತ್ತಿಕ್ತಾನೆ ನೋಡ್ರಲಾ ಅಂತ. ನಗ್ಲಿ ಬುಡು ಅಂದ್ಕತಿದ್ದೆ. ನಂಗೆ ಆ ಕಾಲ ಮುಗಿಯಾದೇ ಬ್ಯಾಡ ಅನ್ಸದು.”

ಹಾಗೆ ಹೇಳಿ, ಕೈಯಲ್ಲಿದ್ದ ಕಡ್ಡಿಯಿಂದ ಕಟ್ಟೆಯ ಬಲಗಡೆ ನೆಲದಲ್ಲಿ ಒಂದು ಚೌಕ ಗೀಚಿದರು. “ಇದು ನಂದು. ಮಗನ್ಗೆ ಏಳಿವ್ನಿ.” ಅಲ್ಲಿ ಒಂದು ಹುಲ್ಲು ಕಡ್ಡಿಯನ್ನೂ ಅವರು ಬೆಳೆಯಲು ಬಿಟ್ಟಿರಲಿಲ್ಲ. ಪಾರ್ಕಾದ ಮೇಲೆ ಅಲ್ಲಿ ಇನ್ನೊಬ್ಬರನ್ನು ಮಣ್ಣು ಮಾಡಲು ಬಿಡುತ್ತಾರೋ ಇಲ್ಲವೋ ಎಂದು ನಾನು ಯೋಚಿಸಿದ್ದುಂಟು. ಅದನ್ನು ಆಗ ನೋಡಿಕೊಳ್ಳೋಣ ಎಂದು ಸುಮ್ಮನಾದೆ. ಇಂಥದ್ದನ್ನೆಲ್ಲ ಮುಂದಕ್ಕೆ ತಳ್ಳುವುದರಲ್ಲಿ ನನ್ನದು ಎತ್ತಿದ ಕೈ.

ರಸ್ತೆಗೆ ಜಲ್ಲಿ ಬಿದ್ದು, ಚರಂಡಿ ಮುಗಿದು, ಸೈಟುಗಳು ಸುಮಾರಾಗಿ ಹೋದ ಮೇಲೆ ಒಂದು ಮಧ್ಯಾಹ್ನ ಸಾಹುಕಾರರು ನನ್ನನ್ನು ಕರೆದು ಹೊಸ ನಕ್ಷೆ ಮುಂದಿಟ್ಟರು. ಹೆದ್ದಾರಿಗೆ ಮುಖ ಮಾಡಿದ ಮೂಲೆಯನ್ನು ಪಾರ್ಕಿಗೆ ಬಿಟ್ಟದ್ದು ದಂಡವಾಯಿತು, ಪಾರ್ಕನ್ನು ಹಿಂದೆ ಹಳ್ಳದ ಮಗ್ಗುಲಿಗೆ ಹಾಕಿ ಮುಂದಿನ ಮೂಲೆಯಲ್ಲಿ ಸೈಟು ಮಾಡೋಣ ಎಂದರು. ನಕ್ಷೆ ಬದಲಾದರೆ ನೋಂದಣಿಯ ವಿವರವೂ ಬದಲಾಗಬೇಕು. ಅದಕ್ಕೆ ಬೇಕಾದ ಕಾಗದಗಳನ್ನೆಲ್ಲ ಹೊಂದಿಸು ಅಂದರು.

“ಸಾರ್, ಅಲ್ಲಿ ಅಪ್ಪಾಜಿ ಮನೆಯವರು…” ಅಂದೆ.

ಅವರು ನಿಜವಾಗಿಯೂ ಮರೆತಿದ್ದರು. ನೆನಪಾದ ಮೇಲೆ ತಲೆ ಕೆರೆದುಕೊಂಡರು. ಆಮೇಲೆ ಕಡತವನ್ನು ನನ್ನ ಕಡೆ ತಿರುಗಿಸಿ, “ರೆಕಾರ್ಡಲ್ಲಿ ಎಲ್ಲದೆ ತೋರ್ಸಮ್ಮ” ಅಂದರು. ಹಂಗಿಸಿ ಹೇಳಿದ್ದಲ್ಲ. ಇದ್ದರೆ ತೋರಿಸು, ಬಿಟ್ಟುಬಿಡುತ್ತೇನೆ ಎಂಬಂತೆ ಹೇಳಿದರು. ತೋರಿಸಲು ನನ್ನ ಹತ್ತಿರ ಏನಿತ್ತು? ಏನೂ ಇರಬಾರದೆಂದು ನೋಡಿಕೊಂಡವಳೇ ನಾನು.

“ಹೊಸಾ ಪಾರ್ಕಲ್ಲಿ ಒಂದು ಕಲ್ಲು ನಿಲ್ಸಾನ ಬುಡು. ಮಗನ ಹತ್ರ ನಾನ್ ಮಾತಾಡ್ತೀನಿ. ನೀನು ಬಾಯಿ ಬುಡಬೇಡ” ಅಂದರು. ನಾನು ಬಾಯಿ ಬಿಡಲಿಲ್ಲ. ಈ ಕುರ್ಚಿ ಹೋದರೆ ನನ್ನ ವಯಸ್ಸಿನವಳಿಗೆ ಹುಣಸೂರಿನಲ್ಲಿ ಇನ್ನೊಂದು ಕುರ್ಚಿ ಇಲ್ಲ. ಟೀ ಹೆಂಗಸಿನ ಮೇಲೆ, ಕರೆಂಟಿನ ಮೇಲೆ, ಕಂಪ್ಯೂಟರಿನ ಮೇಲೆ ಹಾರಾಡುವ ನನ್ನ ಕೋಪ ಆವತ್ತು ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಕಾಯಿದೆ ಮಾಡಿದವರು ಯೋಚನೆ ಮಾಡಿಯೇ ಮಾಡಿದ್ದಾರೆ. ಹೀಗೆ ನಕ್ಷೆ ಬದಲಿಸಬೇಕಾದರೆ ಸೈಟು ಕೊಂಡವರಲ್ಲಿ ಮೂರರಲ್ಲೆರಡು ಪಾಲು ಜನ ಬರವಣಿಗೆಯಲ್ಲಿ ಒಪ್ಪಬೇಕು. ಸಾಹುಕಾರರೊಬ್ಬರೇ ಕೂತು ಬದಲಿಸಲು ಆಗುವುದಿಲ್ಲ. ಹಾಗಾಗಿ ಒಪ್ಪಿಗೆ ಪತ್ರಗಳ ಕಟ್ಟು ಹಿಡಿದು ನಾನು ತಿರುಗಿದೆ. ಹುಣಸೂರಿನ ಒಬ್ಬ ಬೇಕರಿಯವರು ಕೈಯ ಮೈದಾಹಿಟ್ಟನ್ನು ಪ್ಯಾಂಟಿಗೆ ಒರೆಸಿ ಸಹಿ ಹಾಕಿದರು. ಭೇರ್ಯದಲ್ಲಿ ಒಬ್ಬ ಮೇಷ್ಟರು, ಮಕ್ಕಳ ಮಗ್ಗಿ ಕೇಳುತ್ತಲೇ, ತಪ್ಪು ಹೇಳಿದವನಿಗೆ ಕಣ್ಣು ಬಿಟ್ಟು, ಎಲ್ಲಿ ಎಂದು ಬೆರಳಲ್ಲಿ ಕೇಳಿ ಸಹಿ ಹಾಕಿದರು. ಯಾರೂ ಓದಲಿಲ್ಲ. “ಪಾರ್ಕು ಒಟ್ನಲ್ಲಿ ಇರುತ್ತಲ್ವಾ?” ಎಂದು ಕೇಳಿದವರೇ ಹೆಚ್ಚು. ಇರುತ್ತೆ ಅಂದೆ. ಸೈಟು ಮಾರುವಾಗ ನಾನೇ ಊಟಕ್ಕೆ ಕೂರಿಸಿ ಮಾತಾಡಿಸಿದ ಜನ, ನನ್ನ ಮುಖ ನೋಡಿ ಹಾಕಿದರು.

ಇನ್ನೊಂದೇ ಸಹಿ ಬೇಕಿತ್ತು. ಅದಕ್ಕೆ ಎಚ್.ಡಿ. ಕೋಟೆಯ ಆಚೆ ಅಂತರಸಂತೆಗೆ ಹೋದೆ. ಕಾಕನಕೋಟೆ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದ ಹೆಂಗಸು. ಜಾಗಕ್ಕೆ ಬಂದು ನೋಡದೆ, ನಕ್ಷೆ ನೋಡಿಯೇ, ಪಾರ್ಕಿನ ಎದುರಿಗೇ ಬೇಕೆಂದು ಹಟ ಹಿಡಿದು ಸೈಟು ತೆಗೆದುಕೊಂಡವರು. ಅವರು ಕನ್ನಡಕ ತಂದು, ಜಗಲಿಯ ಮೇಲೆ ಬೆಳಕಿರುವ ಕಡೆ ಕೂತು, ಪತ್ರವನ್ನು ಮೊದಲಿನಿಂದ ಕೊನೆಯ ತನಕ ಓದಿದರು. ಅಷ್ಟು ಜನರಲ್ಲಿ ಓದಿದವರು ಅವರೊಬ್ಬರೇ.

“ಯಾಕೆ ಬದಲಾಯಿಸ್ತಾರಮ್ಮ?” ಎಂದು ಕೇಳಿದರು.

“ಟೆಕ್ನಿಕಲ್ ಅಕ್ಕ” ಅಂದೆ.

“ಈಗ ಆ ಜಾಗ್ದಲ್ಲಿ ಏನಾರ ಅದಾ? ಮರ, ಗಿಡ, ದ್ಯಾವ್ರು ಗೀವ್ರು? ಇದ್ರೆ ಯೋಳು. ಅಂಥದ್ನ ಕಿತ್ತಾಕಿ ಮಾಡೋದಾದ್ರೆ ನಂಗೆ ಬ್ಯಾಡ ಕಣಮ್ಮ.”

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಬರುತ್ತಿರಲಿಲ್ಲ. ಹೌದಕ್ಕ, ಅಲ್ಲಿ ಒಬ್ಬ ತಾಯಿ ಕೂತಿದ್ದಾಳೆ ಅಂದಿದ್ದರೆ ಆಕೆ ಸಹಿ ಹಾಕುತ್ತಿರಲಿಲ್ಲ, ಬಾಕಿಯವರಿಗೂ ಫೋನು ಮಾಡಿ ಹೇಳುತ್ತಿದ್ದರು. ಅಲ್ಲಿಗೆ ಆ ನಕ್ಷೆ ನಿಂತುಹೋಗುತ್ತಿತ್ತು.

“ಏನೂ ಇಲ್ಲಕ್ಕ. ಖಾಲಿ ಜಾಗ” ಅಂದೆ.

“ನೀನು ಯೋಳ್ತಿದ್ದೀಯ ಅಂತ ಹಾಕ್ತೀನಿ” ಎಂದು ಸಹಿ ಹಾಕಿದರು. ಹೊರಡುವಾಗ ಚೀಲಕ್ಕೆ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ತುರುಕಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಆ ಬಾಳೆಹಣ್ಣನ್ನು ಕೋಟೆ ಬಸ್ ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟುಬಿಟ್ಟೆ.

ಅದಾಗಿ ಕೆಲವು ದಿನಕ್ಕೆ ಯಜಮಾನರು ಹುಣಸೂರಿಗೆ ಬಂದರು. ಒಬ್ಬರೇ ಬಸ್ಸಿನಲ್ಲಿ ಬಂದು, ಗೊಬ್ಬರದ ಅಂಗಡಿಯವರನ್ನು ಕೇಳಿಕೊಂಡು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನನ್ನ ಮೇಜಿನ ಮುಂದೆ ನಿಂತರು. ಸಾಹುಕಾರರು ಆಫೀಸಿನಲ್ಲಿ ಇರಲಿಲ್ಲ. ಕೂರಿಸಿ ನೀರು ಕೊಟ್ಟೆ.

“ಸರ್ವೇರು ಬಂದು ನಮ್ಮವಳ ತಲೆ ಮ್ಯಾಲೆ ಗೂಟ ಒಡ್ದವ್ನೆ ಕಣವ್ವ” ಅಂದರು. “ಕೇಳುದ್ರೆ ಇದು ಸೈಟು ಅಂತಾನೆ. ಮಗನ್ನ ಕೇಳುದ್ರೆ ಅಪ್ಪಾ ಸುಮ್ಕಿರು ಅಂತಾನೆ. ಅವ್ನಿಗೇನು ಗೊತ್ತು? ನಾನೇಳ್ದೆ, ಆ ಕೂಸು ಮೂರ್ ಮೂರ್ ತಿಂಗ್ಳಿಗೂ ಕಂಪೂಟ್ರುಗೆ ಆಕೈತೆ ಕಣ್ಲಾ, ಗೌರ್ಮೆಂಟ್ನೋರೇ ನೋಡವ್ರೆ, ಅದೆಂಗೆ ಸೈಟಾಯ್ತದೆ ಅಂತ. ಆ ಫೋಟೋನೆಲ್ಲ ತಗ್ದು ಒಂದು ಕಾಗ್ದದಾಗೆ ಕೊಡವ್ವ. ಸರ್ವೇರ್ಗೆ ತೋರುಸ್ಬುಡ್ತೀನಿ.”

ಕಂಪ್ಯೂಟರು ಕೆಟ್ಟಿದೆ ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ವೆಬ್‌ಸೈಟು ತೆಗೆದೆ. ಅಷ್ಟೂ ಕಂತಿನ ಫೋಟೋಗಳು ಅಲ್ಲಿದ್ದವು. ಅವರು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಮುಖವನ್ನು ಪರದೆಯ ಹತ್ತಿರಕ್ಕೆ ತಂದರು.

“ಇದು ಬಿಲ್ವದ ಗಿಡ” ಎಂದು ಬೆರಳಿಟ್ಟರು. “ಇದ್ರ ಮಗ್ಗುಲಲ್ಲಿ ಅಲ್ವ ಅವ್ಳಿರಾದು?”

“ಹೌದು ಅಪ್ಪಾಜಿ.”

“ಕಾಣಾಕಿಲ್ವಲ್ಲ. ಇನ್ನೊಂದು ತಗಿ.”

ಇನ್ನೊಂದು ತೆಗೆದೆ. ಗಿಡ ಸ್ವಲ್ಪ ಚಿಕ್ಕದಿತ್ತು. ಅದರ ಪಕ್ಕ ಆಕಾಶ. ಮತ್ತೊಂದರಲ್ಲಿ ಗಿಡ ಮತ್ತು ಬೇಲಿ. ಇನ್ನೊಂದರಲ್ಲಿ ಯಜಮಾನರ ಪಂಚೆಯ ಅಂಚು ಬಂದಿತ್ತು, ಅವರು ನಿಂತ ಜಾಗ ಇತ್ತು, ಕಟ್ಟೆ ಇರಲಿಲ್ಲ. ಒಂದೊಂದನ್ನೂ ಅವರು ನಿಧಾನವಾಗಿ ನೋಡಿದರು. ನಾನು ಎಷ್ಟು ಜಾಣತನದಿಂದ ತೆಗೆದಿದ್ದೆ ಎಂದರೆ, ಅಷ್ಟು ಫೋಟೋಗಳಲ್ಲಿ ಆ ಕಟ್ಟೆಯ ಒಂದು ಕಲ್ಲೂ ಎಲ್ಲೂ ಬಿದ್ದಿರಲಿಲ್ಲ.

“ನನ್ ಕಣ್ಣು ಮಂಜು ಕಣವ್ವ. ನೀನೇ ತೋರ್ಸು, ಎಲ್ಲವ್ಳೆ?” ಅಂದರು.

ತಪ್ಪು ತಮ್ಮ ಕಣ್ಣಿನದೇ ಎಂದು ಅವರು ಪೂರ್ತಿ ನಂಬಿದ್ದರು.

“ಅಪ್ಪಾಜಿ, ಇದರಲ್ಲಿ ಅಮ್ಮ ಬಂದಿಲ್ಲ” ಅಂದೆ. “ಯಾವುದರಲ್ಲೂ ಬಂದಿಲ್ಲ.”

ಬೈಯಲಿ, ಕೂಗಾಡಲಿ, ಲೋಟ ತೆಗೆದು ಎಸೆಯಲಿ ಎಂದು ಕಾದೆ. ಅವರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

“ಮರ್ತಿದ್ದೀಯ. ಕೆಲ್ಸದ ಗಡಿಬಿಡೀಲಿ ಆಯ್ತದೆ. ಓಗ್ಲಿ ಬುಡು. ಮುಂದ್ಲ ಸಲ ಆಕ್ಬುಡವ್ವ.”

ಮುಂದಿನ ಸಲ ಎನ್ನುವುದೇ ಇಲ್ಲ ಎಂದು ನನಗೆ ಗೊತ್ತಿತ್ತು. ಬದಲಾವಣೆಯ ಅರ್ಜಿ ತುಂಬಿ ಮುಗಿದು ನನ್ನ ಕಂಪ್ಯೂಟರಿನಲ್ಲೇ ಕೂತಿತ್ತು. ಒತ್ತಬೇಕಾದ ಒಂದು ಗುಂಡಿ ಮಾತ್ರ ಬಾಕಿ. ಏನು ಮಾಡಿದರೆ ಅದು ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಜಮೀನಿನ ಯಜಮಾನರೇ ತಕರಾರು ಬರೆದು ಕೊಟ್ಟರೆ, ಅಕ್ಕಪಕ್ಕದ ಹೊಲದವರು ಸಾಕ್ಷಿ ಹೇಳಿದರೆ, ಸಮಾಧಿಯ ಒಂದು ಸರಿಯಾದ ಫೋಟೋ ಅಂಟಿಸಿದರೆ, ಯಾವ ಅಧಿಕಾರಿಯೂ ಅದನ್ನು ನೋಡದೆ ದಾಟಿಸುತ್ತಿರಲಿಲ್ಲ. ಅರ್ಧ ಗಂಟೆಯ ಕೆಲಸ. ಹಾಳೆ ನನ್ನ ಮೇಜಿನ ಮೇಲಿತ್ತು, ಹೆಬ್ಬೆಟ್ಟಿನ ಇಂಕು ಡ್ರಾಯರಿನಲ್ಲಿತ್ತು, ಅವರು ಎದುರಿಗೇ ಕೂತಿದ್ದರು.

“ಆಯ್ತು ಅಪ್ಪಾಜಿ, ಮುಂದಿನ ಸಲ ಹಾಕ್ತೀನಿ” ಅಂದೆ.

ಅವರ ಮುಖದಲ್ಲಿ ಎಂಥ ನಿರಾಳ ಬಂತು! “ಶಿವ ನಿನ್ನ ಚೆನ್ನಾಗಿಟ್ಟಿರ್ಲಿ” ಅಂದರು. ನಾನೇ ಅವರನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಎರಡು ದಿನ ಬಿಟ್ಟು ಸಾಹುಕಾರರು “ಏನಾಯ್ತಮ್ಮ?” ಎಂದು ಕೇಳಿದಾಗ ಗುಂಡಿ ಒತ್ತಿದೆ.

ಮಂಜೂರಾಗಿ ಬಂತು. ಹೊಸ ನಕ್ಷೆ ಏರಿಸಿ, ಹಳೆಯ ವಿವರಗಳನ್ನೆಲ್ಲ ನಿಯಮದ ಪ್ರಕಾರ ತಿದ್ದಿದೆ. ಪಾರ್ಕು ಇದ್ದ ಕಡೆ ಸೈಟಿನ ನಂಬರುಗಳು ಬಂದವು. ಜೆಸಿಬಿ ಬರುವ ದಿನ ಮಗ ಒಬ್ಬ ಅಯ್ಯನವರನ್ನು ಕರೆತಂದು, ಪೂಜೆ ಮಾಡಿಸಿ, ಒಂದು ಹಿತ್ತಾಳೆ ಬಿಂದಿಗೆಯಲ್ಲಿ ಅಲ್ಲಿಯ ಮಣ್ಣು ತುಂಬಿಕೊಂಡು ಹಳ್ಳದ ಮಗ್ಗುಲಿನ ಹೊಸ ಪಾರ್ಕಿಗೆ ಸಾಗಿಸಿದನಂತೆ. ಮಣ್ಣಿನ ಜೊತೆ ಇನ್ನೇನು ಸಿಕ್ಕಿತೋ ನಾನು ಕೇಳಲಿಲ್ಲ. ಅಪ್ಪನನ್ನು ಆ ದಿನ ಹಾರನಹಳ್ಳಿಯ ಕಡೆ ನೆಂಟರ ಮನೆಗೆ ಕಳಿಸಿದ್ದನಂತೆ. ಮುಂದಿನ ಮೂರು ತಿಂಗಳ ಫೋಟೋಗೆ ನಾನು ಹೋಗಲಿಲ್ಲ. ಮೈ ಹುಷಾರಿಲ್ಲ ಎಂದು ಎಂಜಿನಿಯರನ್ನು ಕಳಿಸಿದೆ. ಅದರ ಮುಂದಿನದಕ್ಕೂ ಕಳಿಸಿದೆ.

ಅವರು ಹೋದರು ಎಂದು ಫೋನು ಬಂದದ್ದು ಬೆಳಿಗ್ಗೆ. ಸಾಹುಕಾರರು ದೊಡ್ಡ ಹಾರ ಕೊಟ್ಟು ನನ್ನನ್ನು ಮುಂದೆ ಕಳಿಸಿದರು. ನಾನು ಹೋಗುವ ಹೊತ್ತಿಗೆ ಮನೆಯ ಮುಂದೆ ಚರ್ಚೆ ನಡೆಯುತ್ತಿತ್ತು. ಹಿಂದಿನ ಪಾರ್ಕಿನಲ್ಲಿ, ಆ ಬಿಂದಿಗೆ ಮಣ್ಣು ಹಾಕಿದ ಕಡೆ ಮಾಡೋಣ ಎಂದು ನೆಂಟರು. ಅದು ಈಗ ನಮ್ಮದಲ್ಲ, ಪಾರ್ಕೆಂದು ಪುರಸಭೆಗೆ ಬರೆದುಕೊಟ್ಟಾಗಿದೆ, ಬಿಡುವುದಿಲ್ಲ ಎಂದು ಮಗ. ಬರೆದುಕೊಟ್ಟ ಪತ್ರವನ್ನು ಟೈಪು ಮಾಡಿದವಳು ನಾನು. ಉಳಿದ ಜಾಗವೆಲ್ಲ ಸೈಟು, ಸೈಟಿನಲ್ಲಿ ಯಾರು ಬಿಡುತ್ತಾರೆ? ಬದುಕೆಲ್ಲ ಸ್ವಂತ ಹೊಲದಲ್ಲಿ ಕಳೆದವರಿಗೆ ಕೂರಲು ಅವರದೇ ಅಂತ ಒಂದು ಚೌಕ ನೆಲ ಇರಲಿಲ್ಲ. ಕೊನೆಗೆ ಅವರ ಜನಾಂಗದ ರುದ್ರಭೂಮಿಗೆ ತೆಗೆದುಕೊಂಡು ಹೋದರು. ಅಲ್ಲಿ ಅವರ ಪಕ್ಕ ಯಾರೋ ಗುರುತಿಲ್ಲದವರಿದ್ದರು.

ನಾನು ದೂರದಲ್ಲಿ ನಿಂತಿದ್ದೆ. ಅವರನ್ನು ಕೂರಿಸಿದ ಮೇಲೆ ಮಗ ನನ್ನ ಹತ್ತಿರ ಬಂದ. ಅತ್ತು ಅತ್ತು ಅವನ ಕಣ್ಣು ಊದಿತ್ತು.

“ಅಪ್ಪ ಒಂದಿನಾನೂ ನಂಬ್ನಿಲ್ಲ ಕಣಕ್ಕ, ಜಾಗ ಓಯ್ತು ಅಂತ” ಅಂದ. “ನಿಮ್ಮವ್ವನ್ನ ಎಲ್ಗೂ ಸಾಗಾಕಾಗಲ್ಲ ಕಣ್ಲಾ, ಆ ಕೂಸು ಮುಂದ್ಲ ಸಲ ಬರೀತೀನಿ ಅಂದದೆ, ಅಲ್ಲೀಗಂಟ ತಡ್ಕ ಅನ್ನೋರು. ನೆನ್ನೆ ಉಸ್ರು ಎಳೀತಿದ್ದಾಗ್ಲೂ ಅದ್ನೇ ಅಂದ್ರು. ಈಗ್ಲಾದ್ರೂ ಬರ್ಯಕಾಯ್ತದಾ ಅಕ್ಕ?”

“ಇಲ್ಲ” ಅಂದೆ. ಆ ಮನೆಯವರು ಕೇಳಿದ್ದಕ್ಕೆ ನಾನು ತಡಮಾಡದೆ ನಿಜ ಹೇಳಿದ್ದು ಅದೊಂದೇ ಸಲ.

ಅವನು ಸರಿ ಎಂಬಂತೆ ತಲೆಯಾಡಿಸಿ, ಅಪ್ಪನಿಗೆ ಮಣ್ಣು ಹಾಕಲು ಹೋದ.